ಗಡ್ಡೆಗಳನ್ನು ಮಾತ್ರ

ದೊಡ್ಡಕ್ಕನ ಟೇಪಿಗೆ ಡಾಕ್ಟರಿಗಿಂತ ಮೊದಲೇ ಎಲ್ಲ ಗೊತ್ತಾಗುತ್ತದೆ ಎನ್ನುವುದರಲ್ಲಿ ಆ ಹೊಲಿಗೆ ಅಂಗಡಿಯ ಯಾರಿಗೂ ಅನುಮಾನವಿರಲಿಲ್ಲ. ಮೂವತ್ತು ವರ್ಷದಿಂದ ಊರಿನ ಸೊಂಟಗಳನ್ನೆಲ್ಲ ಅಳೆದ ಕೈ ಅದು. ಯಾರು ಚಿಂತೆಯಲ್ಲಿ ಸೊರಗಿದ್ದಾರೆ, ಯಾರು ಗಂಡನ ಮೇಲಿನ ಸಿಟ್ಟಿಗೆ ಊಟ ಬಿಟ್ಟಿದ್ದಾರೆ, ಯಾರ ಮದುವೆ ಮುಂದಕ್ಕೆ ಹಾಕಿದರೆ ಕೆಡುತ್ತದೆ, ಎಲ್ಲವನ್ನೂ ಟೇಪು ಅವಳ ಬೆರಳಿಗೆ ಹೇಳಿಬಿಡುತ್ತಿತ್ತು. ಹಾಗಾಗಿ ಕೆಲಸದವರಿಗೆಲ್ಲ ವರ್ಷಕ್ಕೊಂದು ಹೊಸ ಕೋಟು ಹೊಲಿಸಲು ಅಳತೆ ತೆಗೆಯುವ ದಿನ, ಅವಳು ಕಟಿಂಗ್ ಮೇಜಿನವಳ ಸೊಂಟಕ್ಕೆ ಟೇಪು ಸುತ್ತಿ, ಹೋದ ವರ್ಷದ ಚೀಟಿ ನೋಡಿ, ಮತ್ತೊಮ್ಮೆ ಸುತ್ತಿ, ಕನ್ನಡಕವನ್ನು ಹಣೆಗೇರಿಸಿ “ಐದು ತಿಂಗಳು!” ಎಂದು ಕೂಗಿದಾಗ ಹನ್ನೆರಡು ಹೊಲಿಗೆ ಮೆಷಿನ್ನುಗಳು ಒಟ್ಟಿಗೇ ನಿಂತವು.

ಕಟಿಂಗ್ ಮೇಜಿನವಳನ್ನು ಅಲ್ಲಿ ಎಲ್ಲರೂ ಕರೆಯುತ್ತಿದ್ದುದು ‘ಕತ್ತರಿ’ ಎಂದು. ಮಾತು ಕಡಿಮೆ, ಆಡಿದರೆ ಎರಡು ತುಂಡು. ವಯಸ್ಸು ಮೂವತ್ತಾರು, ಮದುವೆಯಾಗಿ ಏಳು ವರ್ಷ. ಈ ಏಳು ವರ್ಷದಲ್ಲಿ “ಏನಾದ್ರೂ ವಿಶೇಷ ಉಂಟಾ?” ಎಂದು ಅವಳನ್ನು ಕೇಳದೆ ಬಿಟ್ಟಿದ್ದು ಎದುರುಮನೆಯ ನಾಯಿಯೊಂದೇ.

“ಹೊಟ್ಟೇಲಿಟ್ಕೊಂಡು ಬಾಯಿ ಮುಚ್ಕೊಂಡಿದ್ಯಲ್ಲೇ ಕಳ್ಳಿ!” ಗುಂಡಿಗೆ ಕಾಜಾ ಹಾಕುವವಳು ಓಡಿ ಬಂದು ಅವಳ ಕೆನ್ನೆ ಹಿಂಡಿದಳು. ಇಸ್ತ್ರಿಯವನು ತನ್ನ ಕುರ್ಚಿಯನ್ನೇ ಎತ್ತಿ ತಂದು ಅವಳ ಹಿಂದೆ ಇಟ್ಟ.

ನಿಜ ಹೇಳಲು ಕತ್ತರಿಗೆ ಒಂದು ಉಸಿರಿನಷ್ಟು ಹೊತ್ತು ಸಿಕ್ಕಿತ್ತು. ಆದರೆ ಆ ದಿನಕ್ಕೆ ಮುಟ್ಟು ಶುರುವಾಗಿ ಹನ್ನೊಂದು ದಿನವಾಗಿತ್ತು. ರಕ್ತ ಇನ್ನೂ ನಿಂತಿರಲಿಲ್ಲ. ಹಿಂದೆ ಕುರ್ಚಿಯಿತ್ತು. ಕೂತುಬಿಟ್ಟಳು. ಕೂತದ್ದೇ ಒಪ್ಪಿಕೊಂಡ ಹಾಗಾಯಿತು.

ಮುಂದಿನ ಒಂಬತ್ತು ದಿನ ಅವಳ ಪಾಲಿಗೆ ಸುಳ್ಳಿನಷ್ಟು ಸುಖ ಬೇರೊಂದಿರಲಿಲ್ಲ. ಬಟ್ಟೆಯ ಥಾನನ್ನು ಯಾರೋ ಎತ್ತಿ ಮೇಜಿನ ಮೇಲೆ ಹರಡಿಕೊಡುತ್ತಿದ್ದರು. ಮುಕ್ಕಾಲು ಗಂಟೆಗೊಮ್ಮೆ ಪ್ಯಾಡ್ ಬದಲಿಸಲು ಎದ್ದು ಹೋದರೆ, ಮೊದಲಿನ ಹಾಗೆ “ಮತ್ತೆ ಎಲ್ಲಿಗೆ?” ಎಂದು ಯಾರೂ ಹುಬ್ಬು ಹಾರಿಸುತ್ತಿರಲಿಲ್ಲ. “ಬಸುರೀಲಿ ಹಂಗೇ ಕಣೆ, ನಂಗೂ ಹಂಗೇ ಆಗಿತ್ತು” ಎಂದು ಮೂರು ಮಕ್ಕಳ ತಾಯಂದಿರು ದಾರಿ ಬಿಡುತ್ತಿದ್ದರು. ರಕ್ತ ಹೋಗುತ್ತಿರುವವಳು ಬಸುರಿಯ ವೇಷದಲ್ಲಿ ಓಡಾಡುವುದೆಂದರೆ ಏನೆಂದು ಅವಳು ಆ ಇಕ್ಕಟ್ಟಿನ ಬಚ್ಚಲಲ್ಲಿ ಗೋಡೆಗೆ ಹಣೆ ಕೊಟ್ಟು ನಿಂತಾಗ ಯೋಚಿಸುತ್ತಿದ್ದಳು. ಯೋಚನೆ ಪೂರ್ತಿಯಾಗುವ ಮೊದಲೇ ಮುಖ ತೊಳೆದು ಹೊರಬರುತ್ತಿದ್ದಳು.

ಹತ್ತನೆಯ ದಿನ ದೊಡ್ಡಕ್ಕ ಅಳತೆ ಚೀಟಿಗಳ ಕಟ್ಟು ತಂದು ಮೇಜಿನ ಮೇಲಿಟ್ಟಳು. ಹದಿನೈದು ಕೋಟು ಕತ್ತರಿಸಬೇಕು, ಅದರಲ್ಲಿ ಒಂದು ಕತ್ತರಿಯದೇ. ಅಳತೆ ಎರಡಿಂಚಿಗಿಂತ ಹೆಚ್ಚು ಬದಲಾಗಿದ್ದರೆ ಚೀಟಿಯ ಮೂಲೆಯಲ್ಲಿ ಕಾರಣ ಬರೆಯುವುದು ಅಲ್ಲಿನ ಪದ್ಧತಿ. ಒಳಗೆ ಎಷ್ಟು ಬಟ್ಟೆ ಮಡಿಚಿಡಬೇಕು ಎನ್ನುವುದು ಅದರಿಂದ ಗೊತ್ತಾಗುತ್ತದೆ. ಅವಳ ಚೀಟಿಯ ಮೂಲೆಯಲ್ಲಿ ದೊಡ್ಡಕ್ಕ ದುಂಡಗೆ ಬರೆದಿದ್ದಳು: ‘ಬಸಿರು. ನಾಲ್ಕಿಂಚು ಹೆಚ್ಚು ಬಿಡುವುದು. ಮೊದಲು ಬಿಚ್ಚಲು, ಆಮೇಲೆ ಹಿಡಿಯಲು.’

ಕತ್ತರಿ ಸೀಮೆಸುಣ್ಣ ಹಿಡಿದು ಬಟ್ಟೆಯ ಮುಂದೆ ಎಷ್ಟೋ ಹೊತ್ತು ನಿಂತಳು. ಗೆರೆ ಎಳೆಯಲಾಗಲಿಲ್ಲ. ಚೀಟಿ ತೆಗೆದುಕೊಂಡು ಟ್ರಯಲ್ ರೂಮಿನ ಪರದೆ ಸರಿಸಿ ದೊಡ್ಡಕ್ಕನನ್ನು ಒಳಕ್ಕೆ ಕರೆದಳು.

“ಅಕ್ಕಾ, ಇದನ್ನ ಹೊಡೆದು ಹಾಕಿ.”

“ಯಾಕೆ? ನನ್ನ ಟೇಪು ಸುಳ್ಳು ಹೇಳತ್ತಾ?”

“ಇಂಚು ಸರಿಯಾಗೇ ಹೇಳಿದೆ. ಒಳಗಿರೋದು ಮಗು ಅಲ್ಲ.”

ದೊಡ್ಡಕ್ಕ ಕನ್ನಡಿಯಲ್ಲಿ ಅವಳ ಹೊಟ್ಟೆಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದಳು. “ಮತ್ತೇನೇ?”

“ಗಡ್ಡೆ. ಫೈಬ್ರಾಯ್ಡ್ ಅಂತಾರೆ. ಸ್ಕ್ಯಾನಿಂಗಲ್ಲಿ ಆರು ಎಣಿಸಿದಾರೆ. ದೊಡ್ಡದು ಕಿತ್ತಳೆ ಹಣ್ಣಿನಷ್ಟಿದೆ.”

“ಅಯ್ಯೋ! ಕ್ಯಾನ್ಸರಾ?”

“ಅಲ್ಲ. ಸಾಯ್ಸೋದೂ ಇಲ್ಲ, ನೆಟ್ಟಗೆ ಬದುಕೋಕೂ ಬಿಡಲ್ಲ. ಡಾಕ್ಟ್ರು ಗರ್ಭಕೋಶನೇ ತೆಗೆದ್ಬಿಡೋಣ, ಪೀಡೆ ಕಳೆಯತ್ತೆ ಅಂದ್ರು.”

“ನೀನೇನಂದೆ?”

“ಆಗಲ್ಲ ಅಂದೆ.”

ದೊಡ್ಡಕ್ಕ ಸ್ಟೂಲಿನ ಮೇಲೆ ಕುಸಿದಳು. ಮೂವತ್ತು ವರ್ಷದ ಹೆಸರು ಹೋದದ್ದಕ್ಕೋ, ಎದುರಿಗಿದ್ದವಳಿಗಾಗಿಯೋ, ಕಣ್ಣು ಒರೆಸಿಕೊಂಡಳು. ಆಮೇಲೆ ಎದ್ದು ಪರದೆ ಸರಿಸಿ ಎಲ್ಲರಿಗೂ ಕೇಳುವಂತೆ, “ನನ್ನ ಟೇಪು ತಪ್ಪಿದೆ. ಅವಳು ಬಸುರಿ ಅಲ್ಲ. ಹುಷಾರಿಲ್ಲ” ಎಂದಳು. ಕತ್ತರಿಯ ಕಡೆ ತಿರುಗಿ ದನಿ ತಗ್ಗಿಸಿದಳು: “ಕುರ್ಚಿ ಮಾತ್ರ ಅಲ್ಲೇ ಇರ್ಲಿ. ಇಷ್ಟು ದಿನ ಸುಳ್ಳಿಗೆ ಕೂತಿದ್ದೆ, ಇನ್ಮೇಲೆ ನಿಜಕ್ಕೆ ಕೂರು.”

ಕಾಜಾದವಳು ಎರಡು ದಿನ ಅವಳ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಒಂದು ಡಬ್ಬಿ ತುಂಬ ಬೀಟ್‌ರೂಟ್ ಹೆಚ್ಚಿ ತಂದು ಮೇಜಿನ ಮೇಲೆ ಕುಕ್ಕಿ, “ತಿನ್ನು. ರಕ್ತ ಆಗತ್ತೆ” ಎಂದಳು.

ಮನೆಯಲ್ಲಿ ವಿಷಯ ಮೊದಲೇ ಗೊತ್ತಿತ್ತು, ಜಗಳವೂ ಮೊದಲೇ ಶುರುವಾಗಿತ್ತು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಇಪ್ಪತ್ತನೆಯ ಮಹಡಿಯಲ್ಲಿ ಲಿಫ್ಟಿನ ಬಾವಿಯ ಮೇಲೆ ಹಗ್ಗ ಹಿಡಿದು ನೇತಾಡುವ ಗಂಡಾಳು, ಸೂಜಿ ಕಂಡರೆ ಬೆವರುತ್ತಿದ್ದ. ಅತ್ತೆಗೆ ಎಪ್ಪತ್ತು ದಾಟಿತ್ತು, ನಾಲಿಗೆಗೆ ಇನ್ನೂ ಇಪ್ಪತ್ತು.

“ನಂದು ಮೂವತ್ತೆಂಟಕ್ಕೇ ತೆಗೆದ್ರು,” ಊಟಕ್ಕೆ ಕೂತಾಗ ಅತ್ತೆ ಹೇಳಿದರು. “ನಾನೇನು ಸತ್ತೋದ್ನಾ? ಗುಂಡುಕಲ್ಲಿನ ಹಾಗಿದೀನಿ.”

“ನಿಮಗೆ ಆಗ್ಲೇ ಒಬ್ಬ ಮಗ ಇದ್ರಲ್ಲ ಅತ್ತೆ.”

“ಇದಾನಲ್ಲ, ನೋಡು. ಏನು ಮಹಾ ಉದ್ಧಾರ ಮಾಡಿದಾನೆ!”

“ಅಮ್ಮಾ, ನಾನಿಲ್ಲೇ ಕೂತಿದೀನಿ,” ಎಂದ ಗಂಡ.

“ಕೂತಿರೋದು ಕಾಣತ್ತೆ. ಬಾಯಿ ಬಿಡೋದು ಕಾಣಲ್ಲ. ಹೇಳೋ ಅವಳಿಗೆ.”

ಅವನು ಲೋಟ ತಿರುಗಿಸುತ್ತಾ, “ನಂಗೆ ಮಗುಗಿಂತ ನೀನು ಮುಖ್ಯ ಕಣೇ” ಎಂದ.

“ನಂಗೂ ನಾನೇ ಮುಖ್ಯ ರೀ. ಮಗು ಬೇಕು ಅಂತಿರೋದೂ ಆ ನಾನೇ.”



ಮೊದಲನೆಯ ಡಾಕ್ಟರು ತೆಗೆಸಿ ಎಂದಿದ್ದರು, ಎರಡನೆಯವರು ಮೊದಲನೆಯವರ ಕಾಗದ ಓದಿ ಅದನ್ನೇ ಅಂದರು. ಮೂರನೆಯವಳು ಗಿಡ್ಡಗಿನ ಸರ್ಜನ್. ಸ್ಕ್ಯಾನಿನ ಚಿತ್ರಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದು ನೋಡಿದಳು. ಬಟ್ಟೆಯ ನೇಯ್ಗೆ ನೋಡುವವರು ಹಾಗೇ ನೋಡುತ್ತಾರೆ. ಕತ್ತರಿಗೆ ಅಲ್ಲೇ ಅರ್ಧ ಧೈರ್ಯ ಬಂತು.

“ಗಡ್ಡೆ ಮಾತ್ರ ಬಿಡಿಸಿ ತೆಗೆಯಬಹುದು,” ಎಂದಳು ಸರ್ಜನ್. “ಸುಲಭ ಅಂತ ಹೇಳಲ್ಲ. ರಕ್ತ ಜಾಸ್ತಿ ಹೋಗತ್ತೆ, ನಿಮ್ಮಲ್ಲಿ ಹೋಗೋಕೇ ರಕ್ತ ಇಲ್ಲ. ಹೀಮೋಗ್ಲೋಬಿನ್ ಏಳಿದೆ. ಹನ್ನೊಂದಕ್ಕೆ ಬರದೆ ನಾನು ಚಾಕು ಮುಟ್ಟಲ್ಲ. ಆಮೇಲೂ ಮಗು ಆಗೇ ಆಗತ್ತೆ ಅಂತ ಬರ್ಕೊಡೋಕೆ ನನ್ನ ಕೈಲಾಗಲ್ಲ.”

“ಹನ್ನೊಂದಕ್ಕೆ ತರ್ತೀನಿ,” ಎಂದಳು ಕತ್ತರಿ. ಉಳಿದದ್ದಕ್ಕೆ ಉತ್ತರ ಕೊಡಲಿಲ್ಲ.

ಮೂರು ತಿಂಗಳು ಬೇಕಾಯಿತು. ಮುಟ್ಟು ನಿಲ್ಲಿಸಲು ತಿಂಗಳಿಗೊಂದು ಇಂಜೆಕ್ಷನ್. ಅದು ಬಿದ್ದ ಮೇಲೆ ನಿಂತಲ್ಲೇ ಮೈಯೆಲ್ಲ ಕಾದು, ಇಸ್ತ್ರಿ ಪೆಟ್ಟಿಗೆ ನುಂಗಿದವಳ ಹಾಗೆ ಬೆವರುತ್ತಿದ್ದಳು. ವಾರಕ್ಕೊಮ್ಮೆ ಕಬ್ಬಿಣದ ಡ್ರಿಪ್ಪು. ತುಕ್ಕಿನ ಬಣ್ಣದ ನೀರು ಹನಿಹನಿಯಾಗಿ ಇಳಿಯುವುದನ್ನು ನೋಡುತ್ತಾ ಮಲಗಿರುವುದು, ಎದ್ದು ನೇರ ಅಂಗಡಿಗೆ ಹೋಗುವುದು. ಅಲ್ಲಿ ಬಾಗಿಲಲ್ಲೇ ಆಟದ ಸ್ಕೋರು ಕೇಳಿದ ಹಾಗೆ ಕೇಳುತ್ತಿದ್ದರು: “ಎಷ್ಟಾಯ್ತೇ?” ಎಂಟೂವರೆ. ಒಂಬತ್ತು. ಮತ್ತೆ ಒಂಬತ್ತು. ಆ ವಾರ ಕಾಜಾದವಳು ಬೀಟ್‌ರೂಟಿಗೇ ಶಾಪ ಹಾಕಿದಳು. ಹತ್ತು. ಹನ್ನೊಂದು ಕಾಲು.

ಆಪರೇಷನ್ನಿನ ಹಿಂದಿನ ಮಧ್ಯಾಹ್ನ ಆಸ್ಪತ್ರೆಯ ಗುಮಾಸ್ತ ಒಪ್ಪಿಗೆ ಪತ್ರ ತಂದ. ಅಚ್ಚು ಹಾಕಿದ ಎರಡು ಹಾಳೆ, ಸಹಿಯ ಜಾಗಕ್ಕೆ ಪೆನ್ಸಿಲ್ಲಿನ ಗುರುತು. ಕತ್ತರಿ ಮೊದಲಿಂದ ಓದಿದಳು. ಎರಡನೆಯ ಹಾಳೆಯ ಕೊನೆಯಲ್ಲಿ ಇತ್ತು: ‘ಅಗತ್ಯವೆಂದು ಕಂಡುಬಂದಲ್ಲಿ ಗರ್ಭಕೋಶವನ್ನು ತೆಗೆಯಲು ನನ್ನ ಒಪ್ಪಿಗೆಯಿದೆ.’

“ಯಾರಿಗೆ ಕಂಡುಬಂದ್ರೆ?” ಎಂದು ಕೇಳಿದಳು.

“ಎಲ್ರೂ ಸಹಿ ಹಾಕ್ತಾರಮ್ಮ. ಸುಮ್ನೆ ಒಂದು ಪದ್ಧತಿ.”

“ನಮ್ಮ ಅಂಗಡೀಲೂ ಒಂದು ಪದ್ಧತಿ ಇದೆ. ಅಚ್ಚು ಹಾಕಿದ ಚೀಟಿ ನೋಡಿ ನಾವು ಬಟ್ಟೆ ಕತ್ತರಿಸಲ್ಲ. ಕತ್ತರಿ ಹಿಡಿಯೋರು ತಮ್ಮ ಕೈಯಾರೆ ಏನು ಮಾಡ್ತೀವಿ ಅಂತ ಬರೀಬೇಕು. ಬಟ್ಟೆ ಕೊಟ್ಟೋರಿಗೆ ಗಟ್ಟಿಯಾಗಿ ಓದಿ ಹೇಳ್ಬೇಕು. ಅವರು ಹೂಂ ಅಂದ್ಮೇಲೇ ಕತ್ತರಿ. ಡಾಕ್ಟ್ರನ್ನ ಕರೀರಿ.”

ಗುಮಾಸ್ತ ಗಂಡನ ಮುಖ ನೋಡಿದ. ಗಂಡ ಅವಳ ಕಿವಿಯ ಹತ್ತಿರ ಬಗ್ಗಿದ. “ಗಲಾಟೆ ಬೇಡ ಕಣೇ. ನಾಳೆ ಚಾಕು ಹಿಡಿಯೋರು ಅವರೇ.”

“ಅದಕ್ಕೇ ಇವತ್ತು ಕೇಳ್ತಿರೋದು.”

“ನೀವಾದ್ರೂ ಹೇಳಿ ಅಜ್ಜಿ,” ಗುಮಾಸ್ತ ಅತ್ತೆಯ ಕಡೆ ತಿರುಗಿದ. ಅವನು ಸರಿಯಾದ ಬಾಗಿಲನ್ನೇ ತಟ್ಟಿದ್ದ ಎಂದು ಕತ್ತರಿಗೂ ಅನಿಸಿತು. ಮೂರು ತಿಂಗಳಿಂದ ಮನೆಯಲ್ಲಿ ಪ್ರತಿ ಊಟಕ್ಕೂ ಉಪ್ಪಿನ ಜೊತೆ ಅದೇ ವಾದ ಬಡಿಸಿದ್ದವರು ಅತ್ತೆ.

ಅತ್ತೆ ಮಂಚದ ತುದಿಯಲ್ಲಿ ಕೂತು ಆ ಹಾಳೆಯನ್ನು ದೂರ ಹಿಡಿದು ಓದಿದರು. ಓದಿ ಮುಗಿಸಿ ಕೊನೆಯ ಸಾಲಿಗೆ ಬೆರಳಿಟ್ಟರು.

“ನನ್ನನ್ನ ಯಾರೂ ಕೇಳಿರ್ಲಿಲ್ಲ,” ಎಂದರು. “ಹೊಟ್ಟೆನೋವು ಅಂತ ಸೇರ್ಸಿದ್ರು. ಇವನಪ್ಪ ಎಲ್ಲೋ ಸಹಿ ಹಾಕಿದ್ರು. ಎದ್ದು ನೋಡ್ತೀನಿ, ಇಲ್ಲ. ಒಂದು ಹೆಣ್ಣು ಮಗು ಬೇಕು ಅಂತಿತ್ತು ನಂಗೆ. ಅದನ್ನ ಇವತ್ತಿನವರೆಗೂ ಯಾರ ಹತ್ರನೂ ಅಂದಿಲ್ಲ.” ಹಾಳೆಯನ್ನು ಗುಮಾಸ್ತನ ಕೈಗೆ ತುರುಕಿದರು. “ಹೋಗಪ್ಪ, ಬಿಳಿ ಹಾಳೆ ತಗೊಂಡು ಬಾ. ಡಾಕ್ಟ್ರನ್ನೂ.”

ಸರ್ಜನ್ ಬಂದಾಗ ಒಂದು ಆಪರೇಷನ್ ಮುಗಿಸಿ ಇನ್ನೊಂದಕ್ಕೆ ಹೊರಟ ಹಾಗಿತ್ತು. ತಲೆಯ ಟೋಪಿಯ ಗೆರೆ ಹಣೆಯ ಮೇಲೆ ಕೆಂಪಗೆ ಕೂತಿತ್ತು. “ನನ್ನ ಮೇಲೆ ನಂಬಿಕೆ ಇಲ್ವಾ?”

“ಇದೆ ಡಾಕ್ಟ್ರೇ. ಇಲ್ದಿದ್ರೆ ನಿಮ್ಮ ಕೈಯಲ್ಲೇ ಬರೀರಿ ಅಂತ ಯಾಕೆ ಕೇಳ್ತಿದ್ದೆ?”

ಸರ್ಜನ್ ಒಂದು ಕ್ಷಣ ಬಾಗಿಲ ಕಡೆ ನೋಡಿದಳು, ಆಮೇಲೆ ಸ್ಟೂಲು ಎಳೆದು ಕೂತು ಬರೆಯತೊಡಗಿದಳು, ಬರೆಯುತ್ತಲೇ ಓದಿದಳು. “ಗಡ್ಡೆಗಳನ್ನು ಮಾತ್ರ ತೆಗೆಯುವುದು. ರಕ್ತ ಹೆಚ್ಚಾದರೆ ಮೊದಲು ಔಷಧ. ನಿಲ್ಲದಿದ್ದರೆ ರಕ್ತನಾಳ ಕಟ್ಟುವುದು, ಹೊರಗಿನಿಂದ ರಕ್ತ ಕೊಡುವುದು. ಇಷ್ಟಾಯ್ತಲ್ಲ?”

“ಇವಳ ಜೀವ ಅಂತ ಎಲ್ಲಿ ಬರೆದ್ರಿ?” ಅತ್ತೆ ಬೆರಳು ತೋರಿಸಿದರು. “ಅದೂ ಬೇಕು. ನಂಗೆ ಸೊಸೆ ವಾಪಸ್ ಬೇಕು.”

ಪೆನ್ನು ನಿಂತಿತು. ಎಲ್ಲರೂ ಕತ್ತರಿಯನ್ನೇ ನೋಡುತ್ತಿದ್ದರು. ಇಷ್ಟು ಹೊತ್ತು ನೆಟ್ಟಗಿದ್ದ ಅವಳ ಕತ್ತು ಈಗ ಸ್ವಲ್ಪ ಬಗ್ಗಿತು. ಈ ಸಾಲು ಬರುತ್ತದೆಂದು ಗೊತ್ತಿತ್ತು, ತಾನಾಗಿ ಅದನ್ನು ಹೇಳಲು ಬಾಯಿ ಬಂದಿರಲಿಲ್ಲ ಅಷ್ಟೆ.

“ಬರೀರಿ,” ಎಂದಳು. “ಇವೆಲ್ಲ ಮಾಡಿಯೂ ಸೋತರೆ, ಜೀವ ಉಳಿಸಲು ಬೇರೆ ದಾರಿಯೇ ಇಲ್ಲದಿದ್ದರೆ, ಆಗ ಮಾತ್ರ.”

ಸರ್ಜನ್ ಬರೆದಳು, ಮೊದಲಿಂದ ಕೊನೆಯವರೆಗೆ ಮತ್ತೊಮ್ಮೆ ಗಟ್ಟಿಯಾಗಿ ಓದಿದಳು. ಪಕ್ಕದ ಮಂಚದ ಹೆಂಗಸು ಕೂಡ ಉಸಿರು ಬಿಗಿಹಿಡಿದು ಕೇಳಿದಳು.

“ಹೂಂ,” ಎಂದು ಕತ್ತರಿ ಸಹಿ ಹಾಕಿದಳು. ಗಂಡನೂ ಸಾಕ್ಷಿಯ ಜಾಗದಲ್ಲಿ ಹಾಕಿದ.

ಎಚ್ಚರವಾದಾಗ ಗಂಟಲು ಮರಳಾಗಿತ್ತು. ಹೊಟ್ಟೆಯ ಮೇಲೆ ಯಾರೋ ಕೂತ ಹಾಗೆ ಭಾರ. ಕಿಟಕಿಯಲ್ಲಿ ಬಿಸಿಲಿತ್ತು. ಎದುರಿಗೆ ಸರ್ಜನ್ ಇದ್ದಳು, ಆ ಕೆಂಪು ಗೆರೆ ಇನ್ನಷ್ಟು ಆಳವಾಗಿತ್ತು. ಕತ್ತರಿ ತುಟಿ ಅಲ್ಲಾಡಿಸಿದಳು, ದನಿ ಬರಲಿಲ್ಲ.

“ಇದೆ,” ಎಂದಳು ಸರ್ಜನ್, ಪ್ರಶ್ನೆಗೆ ಕಾಯದೆ. “ನಿಮ್ಮ ಗರ್ಭಕೋಶ ಇದ್ದಲ್ಲೇ ಇದೆ. ಸ್ಕ್ಯಾನಿಂಗಲ್ಲಿ ಆರು ಅಂದಿದ್ರಲ್ಲ, ಒಳಗೆ ಹನ್ನೊಂದಿತ್ತು. ರಕ್ತ ಹೋಯ್ತು, ನಾಳ ಕಟ್ಟಿದ್ವಿ, ಎರಡು ಬಾಟ್ಲಿ ಕೊಟ್ವಿ. ಒಂದು ಹಂತದಲ್ಲಿ ಆ ಕೊನೇ ಸಾಲಿಗೇ ಹೋಗ್ಬೇಕಾಗತ್ತೇನೋ ಅಂದ್ಕೊಂಡೆ. ಬೇಕಾಗ್ಲಿಲ್ಲ.”

ಕತ್ತರಿಯ ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಯೊಳಕ್ಕೆ ಹೋಯಿತು. ಒರೆಸಲು ಕೈ ಏಳಲಿಲ್ಲ. ಅತ್ತೆ ಸೆರಗಿನ ತುದಿಯಿಂದ ಒರೆಸಿದರು.

“ಹೊಲಿಗೆ ಗಟ್ಟಿಯಾಗೋಕೆ ಒಂದು ವರ್ಷ ಬಿಡಿ. ಆಗ ನಿಮಗೆ ಮೂವತ್ತೇಳು. ಗಡ್ಡೆ ಮತ್ತೆ ಬರಬಹುದು. ಮಗು ನಿಂತ್ರೆ ಹೆರಿಗೆ ಆಪರೇಷನ್ನಿನಲ್ಲೇ. ನಿಲ್ಲದೇನೂ ಇರಬಹುದು. ಯಾವುದನ್ನೂ ಬಚ್ಚಿಡ್ತಿಲ್ಲ ನಾನು.”

ಅವಳು ತಲೆಯಾಡಿಸಿದಳು.

ಮಾರನೆಯ ಬೆಳಿಗ್ಗೆ ನರ್ಸ್ ಬಂದು, ಇವತ್ತು ಎದ್ದು ಬಾಗಿಲವರೆಗೆ ನಡೆಯಬೇಕು, ನೋವಾಗತ್ತೆ, ಆದ್ರೂ ನಡೀಬೇಕು ಎಂದು ಹೇಳಿ ಪಕ್ಕದ ಮಂಚಕ್ಕೆ ಹೋದಳು. ಗಂಡ ಸ್ಟೂಲಿನ ಮೇಲೆ ಕೂತಿದ್ದ, ನಿನ್ನೆಯ ಅಂಗಿಯಲ್ಲೇ. ಏನೋ ಕೇಳಬೇಕೆಂದು ಎರಡು ಸಲ ಬಾಯಿ ತೆರೆದು ಮುಚ್ಚಿದ.

“ಕೇಳಿ,” ಎಂದಳು.

“ಇಷ್ಟೆಲ್ಲ ಆಗಿ... ಆಮೇಲೂ ಆಗ್ದೇ ಹೋದ್ರೆ?”

ಅವಳು ಒಂದು ಕೈಯಲ್ಲಿ ಹೊಟ್ಟೆಯ ಪಟ್ಟಿಯನ್ನು ಒತ್ತಿ ಹಿಡಿದು, ಕಾಲುಗಳನ್ನು ಒಂದೊಂದಾಗಿ ಮಂಚದಿಂದ ಕೆಳಗೆ ಬಿಟ್ಟಳು. ನೆಲ ತಣ್ಣಗಿತ್ತು. ಬಾಗಿಲು ಹದಿನೈದು ಹೆಜ್ಜೆ ದೂರವಿರಬಹುದು.

“ಆಗ್ದೇ ಹೋದ್ರೆ ಆಗ ಅಳ್ತೀನಿ, ನೀವೂ ಅಳೋರಂತೆ,” ಎಂದಳು. “ಈಗ ಕೈ ಕೊಡಿ.”