ಕ್ಲಚ್ಚು ಸುಟ್ಟದ್ದು ಯಾರು?

ಕಲ್ಲೋಳಿಯ ಸನ್ಮತಿ ಕೊಲ್ಲಾಪುರದಿಂದ ಆ ಕೆಂಪು ಕಾರು ತಂದಾಗ ಊರಿಗೆ ಊರೇ ನಕ್ಕಿತ್ತು. ನಗದೆ ಏನು ಮಾಡೀತು? ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುವ ರೇಸಿನ ಜಾತಿಯ ಗಾಡಿ ಅದು. ಕಬ್ಬಿನ ಟ್ರ್ಯಾಕ್ಟರುಗಳು ಕೆತ್ತಿ ಹಾಕಿದ ನಮ್ಮ ರಸ್ತೆಯ ಮೇಲೆ ಅದರ ಪಾಡು ನೋಡಬೇಕಿತ್ತು. ಹಳೆಯ ಮಾಲೀಕ ಅದಕ್ಕೆ ರೇಸಿನ ಬಿಗಿ ಕ್ಲಚ್ಚು ಬೇರೆ ಹಾಕಿಸಿದ್ದ. ತುಳಿದರೆ ಕಾಲು ನೋಯಬೇಕು, ಬಿಟ್ಟರೆ ಗಾಡಿ ಜಿಗಿಯಬೇಕು.

ಅಂಥ ಗಾಡಿಯಲ್ಲಿ ಸನ್ಮತಿಯ ಹೆಂಡತಿ ಶುಭಾಂಗಿ ಡ್ರೈವಿಂಗ್ ಕಲಿಯಲು ಹೊರಟಳು. ಕಾಲುವೆ ದಂಡೆಯ ಖಾಲಿ ರಸ್ತೆಯಲ್ಲಿ ಗಂಡನೇ ಕಲಿಸಿದ. ಗಾಡಿ ಜಗ್ಗಿ ಬಂದ್ ಬಿದ್ದಾಗಲೆಲ್ಲ ಹೊಲದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತು ನಗುತ್ತಿದ್ದರು. ನಗಲಿ ಬಿಡಿ, ನಕ್ಕವರ ಹಲ್ಲು ಕಾಣುತ್ತದೆ. ಶುಭಾಂಗಿಗೆ ಬೇಕಾದದ್ದು ಒಂದೇ: ಮೊಣಕಾಲು ನೋವಿನ ಅತ್ತೆ ಜಿನ್ನವ್ವನನ್ನು ಘಟಪ್ರಭಾದ ಆಸ್ಪತ್ರೆಗೆ ತಾನೇ ಕರೆದೊಯ್ಯುವುದು. ಆ ಮನೆಯ ಹೆಂಗಸರು ಎಲ್ಲಿಗೆ ಹೊರಡಬೇಕಾದರೂ ಗಂಡಸರ ಪುರುಸೊತ್ತಿಗೆ ಕಾಯಬೇಕಿತ್ತು. ಕಾದು ಕಾದು ಅವಳಿಗೆ ಸಾಕಾಗಿತ್ತು.

ಇನ್ನೇನು ಕೈ ಹಿಡಿತಕ್ಕೆ ಬಂತು ಅನ್ನುವಷ್ಟರಲ್ಲಿ ಗಾಡಿ ಕೆಟ್ಟಿತು. ಆಕ್ಸಿಲರೇಟರು ಎಷ್ಟು ತುಳಿದರೂ ಎಂಜಿನ್ ಮಾತ್ರ ಹುಯ್ಯಲಿಡುತ್ತಿತ್ತು, ಚಕ್ರಕ್ಕೆ ಜೋರು ಮುಟ್ಟುತ್ತಿರಲಿಲ್ಲ. ಜೊತೆಗೆ ಸುಟ್ಟ ವಾಸನೆ. ಸನ್ಮತಿ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕೀಲಿಯನ್ನು ಕಿಸೆಗೆ ಹಾಕಿಕೊಂಡು, “ಇರ್ಲಿ ಬಿಡು. ಇದು ನಿನ್ನ ಕಾಲಿಗೆ ಒಗ್ಗೂ ಗಾಡಿ ಅಲ್ಲ,” ಅಂದ. ಆ ಮೆತ್ತನೆಯ ಮಾತು ಶುಭಾಂಗಿಯ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿದುಬಿಟ್ಟಿತು.

“ಎರಡೂ ರೋಗಿಗಳನ್ನ ಒಂದ ದಿನ ತೋರಸೂಣು,” ಎಂದರು ಮಾವ ತವನಪ್ಪ. ಹಾಗೆ ನಾಲ್ವರೂ ಕುಂಟುವ ಗಾಡಿಯಲ್ಲಿ ಘಟಪ್ರಭಾಕ್ಕೆ, ಲಖನನ ಗ್ಯಾರೇಜಿಗೆ ಬಂದರು. ಲಖನ ಮೊದಲು ಒಂದು ಸುತ್ತು ಓಡಿಸಿ ನೋಡಿದ. ನಾಲ್ಕನೇ ಗೇರಿನಲ್ಲಿ ತುಳಿದರೆ ಎಂಜಿನ್ನಿನ ಮುಳ್ಳು ಮೇಲೇರುತ್ತಿತ್ತು, ವೇಗದ ಮುಳ್ಳು ಇದ್ದಲ್ಲೇ ಇತ್ತು.

“ಕ್ಲಚ್ ಜಾರಾಕತ್ತೈತ್ರಿ,” ಅಂದ. ಎಲ್ಲಾದರೂ ಎಣ್ಣೆ ಸೋರಿದೆಯೋ ಎಂದು ಬಗ್ಗಿ ನೋಡಿದ, ಪೆಡಲು ಪೂರ್ತಿ ಹಿಂದಕ್ಕೆ ಬರುತ್ತದೋ ಎಂದು ಕೈಯಿಂದ ಒತ್ತಿ ನೋಡಿದ. ಎರಡೂ ಸರಿಯಾಗಿದ್ದವು. “ಬಿಚ್ಚೇ ನೋಡಬೇಕ್ರಿ. ನೀವು ದವಾಖಾನಿ ಮುಗಿಸ್ಕೊಂಡ ಬರ್ರಿ.”

ಅವರು ಮರಳುವಷ್ಟರಲ್ಲಿ ಗಾಡಿಯ ಕರುಳು ಗೋಣಿಚೀಲದ ಮೇಲಿತ್ತು. ಜಿನ್ನವ್ವ ಪಟ್ಟಿ ಸುತ್ತಿದ ಮೊಣಕಾಲು ಚಾಚಿ ಬೆಂಚಿನ ಮೇಲೆ ಕೂತರು. ಲಖನ ಕೈ ಒರೆಸಿಕೊಳ್ಳುತ್ತ ಕೇಳಿದ, “ಗಾಡಿ ಕಲಿಯಾಕ ಹತ್ತಿದವರು ಯಾರ್ರಿ?”

“ನಾನ,” ಅಂದಳು ಶುಭಾಂಗಿ.

“ಬಂದ್ ಬೀಳ್ತಿತ್ತೇನ್ರಿ, ಅಕ್ಕಾರ?”

“ದಿನಾ.”

“ಹಂಗಾರ ಇದು ನಿಮ್ಮ ಕೆಲಸ ಅಲ್ರಿ. ಕಾಲು ಫಟ್ನ ಬಿಟ್ರ ಗಾಡಿ ಬಂದ್ ಬೀಳ್ತೈತಿ, ಕ್ಲಚ್ ಸುಡೂದಿಲ್ಲ. ಇಲ್ಲಿ ನೋಡ್ರಿ, ಕಬ್ಬಿಣ ಹ್ಯಾಂಗ ನೀಲಿ ಆಗೇತಿ. ಅರ್ಧ ಕ್ಲಚ್ ಹಿಡಕೊಂಡ ತಾಸಗಟ್ಟಲೆ ಹೊಡದ್ರ ಹಿಂಗ ಆಗ್ತೈತಿ. ಯಾರೋ ಮನಶ್ಯಾ ನಡ್ಯೂವಷ್ಟ ಸಾವಕಾಶ ಹೊಡದಾರ. ಟ್ರ್ಯಾಕ್ಟರ್ ಆದ್ರ ಆ ಚಾಲಿಗೆ ಆರಾಮ ಹೋಗ್ತೈತಿ, ಇದಕ್ಕ ಆ ಚಾಲಿನ ಗೊತ್ತಿಲ್ರಿ. ಮದವಿ ಮೆರವಣಿಗಿ ಹಿಂದ ಹೋಗಿತ್ತೇನು?”

“ಯಾವ ಮೆರವಣಿಗೀನೂ ಇಲ್ಲ,” ಅಂದ ಸನ್ಮತಿ.

ಶುಭಾಂಗಿ ಮಾವನ ಕಡೆ ನೋಡಿದಳು. ಆಯುಷ್ಯವೆಲ್ಲ ಟ್ರ್ಯಾಕ್ಟರು ಹೊಡೆದ ತವನಪ್ಪ ಬಿಳಿ ಟೊಪ್ಪಿಗೆ ತೆಗೆದು ಅದರ ಹೊಲಿಗೆ ನೋಡುತ್ತ ನಿಂತಿದ್ದರು. ಅವಳಿಗೆ ತಟ್ಟನೆ ಹೊಳೆಯಿತು.

ಹೋದ ತಿಂಗಳು ಹುಕ್ಕೇರಿಯಿಂದ ಜೈನ ಮುನಿ ಮಹಾರಾಜರ ವಿಹಾರ, ಅಂದರೆ ಊರಿಂದೂರಿಗೆ ಕಾಲ್ನಡಿಗೆ, ಹೊರಟಿತ್ತು. ಮಹಾರಾಜರು ಬರಿಗಾಲಲ್ಲಿ ಮುಂದಿನ ಊರು ಮುಟ್ಟುವವರೆಗೆ ತಾನೂ ಹಿಂದೆ ನಡೆಯುತ್ತೇನೆ, ಗಾಡಿ ಹತ್ತುವುದಿಲ್ಲ ಎಂದು ಅತ್ತೆ ನೇಮ ಹಿಡಿದಿದ್ದರು. “ನನ್ನ ಹಿಂದ ಯಾರೂ ಗಾಡಿ ತರಬ್ಯಾಡ್ರಿ. ಗಾಡಿ ಕಂಡ್ರ ಕಾಲು ಕೂಡು ಅಂತೈತಿ,” ಎಂದು ಮನೆಮಂದಿಗೆಲ್ಲ ಕಟ್ಟಪ್ಪಣೆ ಮಾಡಿದ್ದರು. ಅದೇ ದಿನ ಮಾವ, ಮೂಡಲಗಿ ಸಂತೆಗೆ ಹೋಗಿ ಬರ್ತೀನಿ ಎಂದು ಈ ಕಾರು ಒಯ್ದಿದ್ದರು. ಬಂದಾಗ ಮುಖದ ತುಂಬ ಧೂಳು, ಕೈಚೀಲ ಖಾಲಿ.

ಈಗ ಬಾಯಿಬಿಟ್ಟರೆ ಕೀಲಿ ಅವಳ ಕೈಗೆ ಬರುತ್ತಿತ್ತು. ಆದರೆ ಆ ಕಾಲುಗಳ ಮೇಲೆ ಅತ್ತೆ ಗಳಿಸಿಕೊಂಡ ಹಾದಿ? ಬೆನ್ನಹಿಂದೆ ಗಾಡಿ ಇತ್ತೆಂದು ತಿಳಿದರೆ ಆ ಜೀವ ಎಷ್ಟು ನೊಂದುಕೊಂಡೀತು! ಕೀಲಿಯ ಆಸೆ ಅವಳಿಗೆ ಖರೆಯಾಗಿಯೂ ದೊಡ್ಡದಿತ್ತು. ಅದನ್ನು ನುಂಗಿಕೊಂಡಳು.

“ನಾನ ಸುಟ್ಟೀನಿ,” ಅಂದಳು. “ಇವರು ಫೋನ್ ನೋಡ್ಕೋತ ಕೂತಾಗ ಅರ್ಧ ಕ್ಲಚ್ಚಿನ್ಯಾಗ ಹೊಡೀತಿದ್ನಿ.”

ತವನಪ್ಪ ಬಾಯಿ ತೆರೆದರು. ಮಾತು ಹೊರಡುವ ಮೊದಲೇ ಬೆಂಚಿನ ಕಡೆಯಿಂದ ಜಿನ್ನವ್ವನ ದನಿ ಬಂತು.

“ಸುಳ್ಳ ಹೇಳಬ್ಯಾಡ ಶುಭಾ. ಸುಟ್ಟವರು ಅಲ್ಲಿ ಟೊಪ್ಪಿಗಿ ಹೊಲಿಗಿ ಎಣಸಾಕತ್ತಾರ ನೋಡು.”

“ನಿನಗ ಗೊತ್ತಿತ್ತಾ?” ತವನಪ್ಪನ ಕೈಯಿಂದ ಟೊಪ್ಪಿಗೆ ಜಾರಿತು.

“ಅಷ್ಟ ಸಪ್ಪಳ ಮಾಡೂ ಗಾಡಿ ಹಿಂದ ಬಂದ್ರ ಗೊತ್ತಾಗೂದಿಲ್ಲೇನ್ರಿ? ಹುಕ್ಕೇರಿ ದಾಟೂದ್ರಾಗ ಸುಟ್ಟ ವಾಸನಿನೂ ಬಂತು. ನಡುವ ಕಾಲು ಸೋತು ಅಲ್ಲೇ ಕೂತಬಿಡೂಣು ಅನಿಸ್ತು. ಹಿಂದ ಇವರು ಅದಾರಲಾ ಅಂತ ಮತ್ತ ನಡದ್ನಿ. ಹೊಳ್ಳಿ ಮಾತ್ರ ನೋಡ್ಲಿಲ್ಲ. ನೋಡಿದ್ರ ಹತ್ತಿ ಕೂಡ್ತಿದ್ನಿ.”

“ನೀ ಎಲ್ಲೆರ ಬಿದ್ದಗಿದ್ದಿ ಅಂದ್ರ…” ತವನಪ್ಪ ಟೊಪ್ಪಿಗೆ ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿದರು. ಬಗ್ಗಿದವರು ಬೇಗ ಏಳಲಿಲ್ಲ. ಶುಭಾಂಗಿಯ ಕಣ್ಣೂ ತುಂಬಿ ಬಂತು.

“ಮುಂದಿನ ಸಲ ಗಾಡಿ ಬ್ಯಾಡ,” ಅಂದರು ಜಿನ್ನವ್ವ. “ಬಾಜೂಕ ನಡಕೋತ ಬರ್ರಿ. ಅಷ್ಟ ಸಾಕು.”

ಲಖನ ನಕ್ಕ. “ಗಾಡಿ ತರೂದ ಇದ್ರ ಹಿಂದ ಬರಬ್ಯಾಡ್ರಿ. ಮುಂದಿನ ಊರಿಗೆ ಹೋಗಿ, ಬಂದ್ ಮಾಡಿ ಕಾಯ್ರಿ. ಕ್ಲಚ್ಚೂ ಉಳೀತೈತಿ, ಮನಶ್ಯಾರೂ ಉಳೀತಾರ.”

ಸನ್ಮತಿ ಕಿಸೆಯಿಂದ ಕೀಲಿ ತೆಗೆದು ಹೆಂಡತಿಯ ಅಂಗೈಯಲ್ಲಿಟ್ಟ. “ಬಿಚ್ಚಿ ನೋಡೂಕಿಂತ ಮೊದಲ ನಿನ್ನ ಮ್ಯಾಲ ಹಾಕಿದ್ನಿ. ತಪ್ಪಾತು,” ಅಂದ.

ಹೊಸ ಕ್ಲಚ್ಚು ಬಂತು. ಬಿಗಿಯದಲ್ಲ, ಸಾದಾದ್ದು. ಕೆಲವು ದಿನಗಳಲ್ಲಿ ಮಹಾರಾಜರು ಗೋಕಾಕದಿಂದ ಕೌಜಲಗಿಯ ಕಡೆಗೆ ಹೊರಟರು. ಶುಭಾಂಗಿ ಒಬ್ಬಳೇ ಕಾರು ಓಡಿಸಿಕೊಂಡು ಮುಂದಿನ ಊರಿಗೆ ಹೋಗಿ, ಬೇವಿನ ನೆರಳಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಕಾದಳು.

ಬಿಸಿಲು ಏರುವ ಹೊತ್ತಿಗೆ ವಿಹಾರ ಬಂತು. ಮುಂದೆ ಮಹಾರಾಜರು, ಹಿಂದೆ ಮಂದಿ, ಎಲ್ಲರಿಗಿಂತ ಕೊನೆಗೆ ಮಾವ ಮತ್ತು ಅತ್ತೆ. ಬರಿಗಾಲಿನ ತವನಪ್ಪ ಕುಂಟುತ್ತಿದ್ದರು. ಜಿನ್ನವ್ವ ಅವರ ಮೊಣಕೈ ಹಿಡಿದು, ಅವರು ನಿಂತಲ್ಲಿ ತಾವೂ ನಿಂತು, ಅವರು ನಡೆದಷ್ಟೇ ನಡೆದು ಬರುತ್ತಿದ್ದರು. ಹತ್ತಿರ ಬಂದವರೇ ದೊಡ್ಡ ದನಿಯಲ್ಲಿ ಕೂಗಿದರು:

“ಬಾಗಲಾ ತಗಿ ಶುಭಾ! ನನಗ ಅಲ್ಲ, ಇವರು ಕೂಡ್ತಾರಂತ!”