ಹನ್ನೊಂದು ಸಾಲಿನ ಪಾಲುಪತ್ರ

ಜಾವಗಲ್ಲಿನ ತಮ್ಮಯ್ಯ ಎದುರಿಗಿಟ್ಟ ಇಂಗ್ಲಿಷ್ ಹಾಳೆಗಳನ್ನು ಬೆರಳಿಂದ ಎಣಿಸಿದ. ನಾಲ್ಕು. ಪಕ್ಕದಲ್ಲಿದ್ದ ಹಳೆಯ ಪಾಲುಪತ್ರ ಒಂದೇ ಹಾಳೆ, ಹನ್ನೊಂದು ಸಾಲು.

"ಏನ್ ಸಾಮಿ, ಬಿತ್ತಿದ್ದು ಒಂದ್ ಹಿಡಿ, ಬೆಳೆದದ್ದು ನಾಕ್ ಮೂಟೆನಾ?"

ಅರಸೀಕೆರೆ ಕೋರ್ಟಿನ ಹಿಂದಿನ ಬೀದಿಯಲ್ಲಿ ಕನ್ನಡ ದಾಖಲೆಗಳನ್ನು ಇಂಗ್ಲಿಷಿಗೆ ತಿರುಗಿಸಿ ಟೈಪು ಮಾಡಿಕೊಡುವ ಮರುಳಪ್ಪನವರು ಕನ್ನಡಕ ಮೇಲೇರಿಸಿದರು. "ಹೈಕೋರ್ಟಿಗೆ ಹೋಗೋದು ಕಣಯ್ಯ, ತೂಕ ಬೇಡ್ವಾ? ಸರಿಯಾಗೈತೆ ಅಂತ ಹೆಬ್ಬೆಟ್ಟು ಒತ್ತು. ವಕೀಲರು ಸಂಜೆ ರೈಲಿಗೆ ಹೊರಡ್ತಾರೆ."

ಬೇಲೂರಿನಲ್ಲಿ ಟೀಚರಾಗಿದ್ದ ಮೊಮ್ಮಗಳು ಆಶಾರಾಣಿ ಹಾಳೆಗಳನ್ನು ಎರಡು ಸಲ ಓದಿದಳು. "ತಾತ, ನಂಗೇ ತಲೆಬುಡ ಗೊತ್ತಾಗ್ತಿಲ್ಲ."

ವ್ಯಾಜ್ಯ ಒಂದು ಬಾವಿಯ ದಾರಿಯದು. ತಮ್ಮಯ್ಯನ ಅಪ್ಪ ಮತ್ತು ದೊಡ್ಡಪ್ಪ ಕೂಡಿ ತೋಡಿದ ಬಾವಿ ಅದು. ನಲವತ್ತೆಂಟನೇ ಇಸವಿಯಲ್ಲಿ ಪಾಲಾದಾಗ ಬಾವಿ ದೊಡ್ಡಪ್ಪನ ಕಡೆಗೆ ಬಿತ್ತು, ನೀರು ಇಬ್ಬರಿಗೂ ಉಳಿಯಿತು. ದೊಡ್ಡಪ್ಪನ ಪಾಲು ಮಾರಾಟವಾಗಿ ಈಗ ದೇವೀರಪ್ಪನ ಕೈಯಲ್ಲಿತ್ತು. ಅವನು ದಾರಿಗೆ ಬೇಲಿ ಹಾಕಿ, ಅದನ್ನು ಮುಚ್ಚಲು ಹಿಂದೆಯೇ ಎಲ್ಲರೂ ಬಾಯಿಮಾತಲ್ಲಿ ಒಪ್ಪಿದ್ದರು ಎಂದಿದ್ದ. ಕೆಳಗಿನ ಕೋರ್ಟಿನಲ್ಲಿ ತಮ್ಮಯ್ಯ ಗೆದ್ದ. ದೇವೀರಪ್ಪ ಹೈಕೋರ್ಟಿಗೆ ಹೋದ. ಇನ್ನು ಎಲ್ಲವೂ ಈ ಇಂಗ್ಲಿಷಿನ ಮೇಲೆ ನಿಂತಿತ್ತು.

ಪಾಲುಪತ್ರ ಬರೆದ ದಿನ ತಮ್ಮಯ್ಯನಿಗೆ ಇಪ್ಪತ್ತು ವರ್ಷ, ಸಾಕ್ಷಿಯಾಗಿ ಕೂತಿದ್ದ. ಆಗಿನ ರಿವಾಜೇ ಹಾಗೆ: ಬರೆದವನು ಓದಿ ಹೇಳಬೇಕು, ಓದು ಬಾರದ ಸಾಕ್ಷಿ ಅದನ್ನೇ ತಿರುಗಿ ಒಪ್ಪಿಸಬೇಕು, ಆಮೇಲೆಯೇ ಹೆಬ್ಬೆಟ್ಟು. ಎರಡು ಸಲ ತಡವರಿಸಿದ್ದಕ್ಕೆ ಪಂಚರು ಅವನಿಗೆ ಮೂರನೇ ಸಲವೂ ಓದಿ ಹೇಳಿಸಿದ್ದರು. ಐವತ್ತು ವರ್ಷ ಕಳೆದರೂ ಹನ್ನೊಂದು ಸಾಲೂ ಬಾಯಲ್ಲೇ ಇದ್ದವು.

"ಬಾವಿ ದಾರೀದು ಬರ್ದಿದ್ದೀರಲ್ಲ, ಅದೊಂದ್ನ ಕನ್ನಡದಾಗೆ ವಾಪಸ್ ಹೇಳಿ ಸಾಮಿ."

ಮರುಳಪ್ಪನವರು ಗಂಟಲು ಸರಿಮಾಡಿಕೊಂಡರು. "ಮೇಲ್ಕಂಡ ಉಭಯ ಪಕ್ಷಕಾರರಾಗಲಿ, ಅವರ ವಾರಸುದಾರರಾಗಲಿ, ಖರೀದಿದಾರರಾಗಲಿ, ಸದರಿ ಬಾವಿಗೆ ಹೋಗತಕ್ಕ ಸದರಿ ದಾರಿಯನ್ನು ಪರಸ್ಪರ ಒಪ್ಪಿಗೆಯಿಂದಲ್ಲದೆ..."

"ನಿಲ್ಸಿ. ಒಪ್ಪಿಗೆ ಎಲ್ಲಿಂದ ಬಂತು?"

"ಅದು ಕಾನೂನಿನ ಮಾತು. ಎಲ್ಲಾ ಪತ್ರಕ್ಕೂ ಹಾಕ್ತೀವಿ, ಗತ್ತಿಗೆ."

ಯಾರ ಮುಂದೆಯೂ ದನಿ ಎತ್ತದ ತಮ್ಮಯ್ಯ ಎದ್ದು ನಿಂತ. "'ಯಾರು ಮಾರಿದರೂ, ಯಾರು ಕೊಂಡರೂ ಬಾವಿಯ ದಾರಿ ಮುಚ್ಚಕೂಡದು.' ನಮ್ಮಪ್ಪ ಬರೆಸಿದ್ದು ಇಷ್ಟೇ! ಒಪ್ಪಿದ್ರು ಒಪ್ಪಿದ್ರು ಅಂತ ತಾನೆ ದೇವೀರಪ್ಪ ಬಡ್ಕೊತಾ ಇರೋದು? ಅವನ ವಕೀಲ ಬರೀಬೇಕಾದ್ದ ನೀವೇ ಬರ್ದು ನನ್ ಕೈಲಿ ಒತ್ತಿಸ್ತಿದ್ದೀರಲ್ಲ!"

ಪಕ್ಕದ ಅಂಗಡಿಯ ಟೈಪಿನ ಸದ್ದು ನಿಂತಿತು.

"ಓದು ಬರಹ ಇಲ್ದೋನು ನಂಗೆ ಇಂಗ್ಲಿಷ್ ಕಲಿಸ್ತೀಯೇನಯ್ಯ?"

"ಇಂಗ್ಲಿಷ್ ನಿಮ್ದೇ ಇರ್ಲಿ. ಮಾತು ನಮ್ಮಪ್ಪಂದು. ಅದ್ಕೆ ಒಂದು ಸೇರಿಸ್ಬೇಡಿ, ಒಂದು ಕಳೀಬೇಡಿ."

ಮರುಳಪ್ಪನವರು ಹಳೆಯ ಪತ್ರವನ್ನು ಎಳೆದುಕೊಂಡು ಮತ್ತೊಮ್ಮೆ ಓದಿದರು. ಮುಖ ಇಳಿಯಿತು. ಟೈಪ್‌ರೈಟರಿಗೆ ಹೊಸ ಹಾಳೆ ಏರಿಸಿದರು. ಆಶಾರಾಣಿ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಾ ಹೋದಳು, ಅವರು ಟೈಪು ಮಾಡುತ್ತಾ ಹೋದರು. ಮುಗಿದ ಮೇಲೆ ಅವಳು ಇಂಗ್ಲಿಷನ್ನು ನೋಡಿಕೊಂಡು ತಿರುಗಿ ಕನ್ನಡದಲ್ಲಿ ಒಪ್ಪಿಸಿದಳು. ತಮ್ಮಯ್ಯನ ತುಟಿಗಳೂ ಜೊತೆಗೇ ಆಡಿದವು, ಎಲ್ಲೂ ತಪ್ಪಲಿಲ್ಲ.

"ಮುಕ್ಕಾಲು ಹಾಳೆನೂ ಆಗ್ಲಿಲ್ಲ," ಮರುಳಪ್ಪನವರು ಗೊಣಗಿದರು. "ಜಡ್ಜು ನಗ್ತಾರೆ."

"ನಗ್ಲಿ ಬಿಡಿ. ಅರ್ಥ ಆದ್ರೆ ತಾನೆ ನಗೋದು?"

ಹೆಬ್ಬೆಟ್ಟು ಒತ್ತಿ, ಮೊದಲಿನ ನಾಲ್ಕು ಹಾಳೆಗಳನ್ನು ಅಲ್ಲೇ ಚೂರು ಚೂರು ಹರಿದು ತಮ್ಮಯ್ಯ ಹೊಸ ಹಾಳೆ ಹಿಡಿದು ವಕೀಲರನ್ನು ಕಾಣಲು ಸ್ಟೇಷನ್ನಿನ ಕಡೆ ದಾಪುಗಾಲು ಹಾಕಿದ.

"ನಿಧಾನ ತಾತ, ರೈಲಿಗಿನ್ನೂ ಹೊತ್ತೈತೆ," ಎನ್ನುತ್ತಾ ಆಶಾರಾಣಿ ಹಿಂದೆ ಓಡಿದಳು.

"ರೈಲಿನ ಚಿಂತೆಯಲ್ಲ ಕಣವ್ವ," ಅವನು ತಿರುಗದೆಯೇ ಅಂದ. "ಆ ಒಪ್ಪಿಗೆ ಮಾತ್ನ ಎಲ್ಲಾ ಪತ್ರಕ್ಕೂ ಹಾಕ್ತೀವಿ ಅಂದ್ನಲ್ಲ ಆವಯ್ಯ. ಎಷ್ಟು ಜನ ಓದಿಸಿ ಕೇಳ್ದೆ ಹೆಬ್ಬೆಟ್ಟು ಒತ್ತಿ ಹೋದ್ರೋ!"