ಸೋಮೇಶನ ಕರಡಿಗೆ

ಚೆಂಡುಹೂವಿನ ಹಾರಕ್ಕೆ ನೀರು ಚಿಮುಕಿಸಿ ತಂದಿದ್ದಾರೆ, ಒಂದೊಂದೇ ಹನಿ ಅಂಗಿಗೆ ಇಳಿಯುತ್ತಿದೆ, ಎಡಗಡೆಯ ಜೇಬಿಗೇ ಇಳಿಯುತ್ತಿದೆ, ನಿಂಗರಾಜು ವೇದಿಕೆಯ ಕುರ್ಚಿಯಲ್ಲಿ ಕೂತಲ್ಲೇ ಜೇಬಿನ ಮೇಲೆ ಕೈ ಒತ್ತಿಕೊಂಡ, ಎದೆ ಮುಟ್ಟಿಕೊಂಡು ಕೂತವ್ನೆ ನೋಡ್ಲಾ, ಅಂಥ ದೇಶಭಕ್ತಿ ಅಂದುಕೊಂಡಾರು ಜನ, ಅಂದುಕೊಳ್ಳಲಿ, ಜೇಬಿನಲ್ಲಿರುವುದು ಸೋಮೇಶನ ಬೆಳ್ಳಿ ಕರಡಿಗೆ, ಅದರೊಳಗೆ ಅವನು ಕೊರಳಲ್ಲಿ ಕಟ್ಟುತ್ತಿದ್ದ ಲಿಂಗ, ಎದುರಿಗೆ ಮೊದಲ ಸಾಲಿನಲ್ಲಿ ಸೋಮೇಶನ ತಾಯಿ ಪುಟ್ಟಮಲ್ಲಮ್ಮ. ತಾಲ್ಲೂಕಿನ ತಹಸೀಲ್ದಾರರು ಸೇನಾ ಪದಕದ ಕಾಗದ ಓದುತ್ತಿದ್ದಾರೆ, ಕಾರ್ಗಿಲ್ ಯುದ್ಧದಲ್ಲಿ ಹರದನಹಳ್ಳಿಯ ಸಿಪಾಯಿ ನಿಂಗರಾಜು ಗಾಯಗೊಂಡ ಗೆಳೆಯನಿಗಾಗಿ ಗುಂಡಿನ ಮಳೆಯಲ್ಲಿ ತೆವಳಿ, ಶತ್ರುವಿನ ಬಂಕರನ್ನು ಒಬ್ಬಂಟಿಯಾಗಿ ನಾಶಮಾಡಿ — ಬಂಕರು ದಾರಿಗೆ ಅಡ್ಡ ಇತ್ತು ಸ್ವಾಮಿ, ಅಷ್ಟೇ, ಹೊಲಕ್ಕೆ ಹೋಗುವವನು ದಾರಿಯ ಮುಳ್ಳು ಎಳೆದುಹಾಕುವುದಿಲ್ಲವೇ, ತೆವಳಿದ್ದು ಸೋಮೇಶನ ವಸ್ತು ಸೋಮೇಶನಿಗೆ ಮುಟ್ಟಿಸಲು. ಹಗ್ಗ ಹಿಡಿದು ಬಂಡೆ ಹತ್ತುವಾಗ ಅವನ ಕೊರಳ ದಾರ ಹೋಗಿತ್ತು, ದಾರ ಕಿತ್ತೋಯ್ತು ಕಣ್ಲಾ ನಿಂಗ, ಮೇಲ್ಗಂಟ ನಿನ್ ಜೇಬ್ಲಿ ಮಡಿಕಂಡಿರು, ನನ್ ಜೇಬ್ ತುಂಬ ಗುಂಡೇ ಅವೆ, ನಾನು ಮುಟ್ಬೋದೇನ್ಲಾ ಅಂದರೆ ಅವನಿಗೆ ನಗು, ಒಂದೇ ತಟ್ಟೇಲಿ ಉಣ್ಣೋವಾಗ ಕೇಳ್ದ್ಯಾ, ಇಸ್ಕೊ, ಇದು ಮೈಮೇಲ್ ಬರೋಗಂಟ ನಾನು ನೀರೂ ಕುಡಿಯಂಗಿಲ್ಲ. ಆಮೇಲೆ ಗುಂಡು, ಸೋಮೇಶ ಬಿದ್ದ, ಹದಿನೈದು ಮಾರು ಆಚೆ, ಅಂಗಾತ, ಎಡಗೈ ಕಲ್ಲಿನ ಮೇಲೆ ಬಿಚ್ಚಿಕೊಂಡು, ಕೊಡು ಅನ್ನುವ ಹಾಗೆ. ನಿಂಗರಾಜು ತೆವಳಿದ, ಆ ಕೈಗೆ ಇನ್ನೊಂದು ಗೇಣು ಇತ್ತು, ಕರಡಿಗೆ ಜೇಬಿನಿಂದ ತೆಗೆದಿದ್ದ, ಎಲ್ಲಿಂದಲೋ ತೊಡೆಗೆ ಗುಂಡು ಹೊಕ್ಕಿತು, ಕಣ್ಣು ಬಿಟ್ಟರೆ ಆಸ್ಪತ್ರೆ, ಮುಷ್ಟಿಯನ್ನು ನರ್ಸಮ್ಮನಿಗೂ ಬಿಡಿಸಲಾಗಲಿಲ್ಲವಂತೆ, ಅಷ್ಟರಲ್ಲಿ ಸೋಮೇಶನ ಪೆಟ್ಟಿಗೆ ಊರು ಸೇರಿ ಮಣ್ಣೂ ಆಗಿತ್ತು.

ಲಿಂಗ ಕಟ್ಟುವ ಅವರಲ್ಲಿ ಸತ್ತವರನ್ನು ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡುತ್ತಾರೆ, ನಿಂಗರಾಜುವಿಗೆ ಚಿಕ್ಕಂದಿನಿಂದ ಗೊತ್ತು, ಅವರ ಬೀದಿಯ ಗುಣಿಗಳನ್ನು ತೋಡುತ್ತಿದ್ದವನೇ ಅಪ್ಪ ಮಾದಣ್ಣ, ಸೋಮೇಶನ ಕೈಗೆ ಏನಿಟ್ಟರೋ, ನಾಲ್ಕು ತಿಂಗಳಿಂದ ಇದೇ ಯೋಚನೆ, ಅವನ ತಾಯಿಗೆ ಕಾಗದ ಬರೆಯಲು ಕೂತರೆ ಕ್ಷೇಮ ಅನ್ನುವುದರಾಚೆ ಪೆನ್ನು ಹೋಗದು. ಬೆಳಿಗ್ಗೆ ಹೆಂಡತಿ ಮೀನಾ ಅಂದಳು, ಕೊಟ್ಬುಡಿ, ಬೈದ್ರೆ ಬಯ್ಯಿಸ್ಕಳಿ, ಬೈಗುಳ ಮೈಗಂಟ್ಕತದಾ. ಬೈಗುಳದ ಮಾತಲ್ಲ, ಆ ತಾಯಿ ಹೇಗೋ ಸಮಾಧಾನವಾಗಿದ್ದರೆ, ಆರುತ್ತಿರುವ ಗಾಯ ಕೆರೆದಂತಾಗುತ್ತದೆ, ಅಥವಾ ನಿನ್ನ ಕೈ ಮುಟ್ಟಿದ್ದೇ ಅಂತ ಹಿಂದೆ ಸರಿದರೆ, ಕೊಡದಿದ್ದರೋ ಸತ್ತವನ ಪ್ರಾಣದಂಥ ವಸ್ತು ಇಟ್ಟುಕೊಂಡು ಹಾರ ಹಾಕಿಸಿಕೊಂಡವನು — ಚಪ್ಪಾಳೆ, ಈಗ ಹುತಾತ್ಮ ಯೋಧನ ತಾಯಿಯವರಿಂದ ಶಾಲು ಅನ್ನುತ್ತಿದೆ ಮೈಕು, ಪುಟ್ಟಮಲ್ಲಮ್ಮ ಮೆಟ್ಟಿಲು ಹತ್ತಿದರು, ಹಣೆ ತುಂಬ ವಿಭೂತಿ, ಏಳಬ್ಯಾಡ ಕಣ್ ಮಗ, ಕಾಲು ನೋಯ್ತದಾ, ಶಾಲು ಹೊದಿಸುತ್ತ ಕಿವಿಯ ಹತ್ತಿರ ಬಗ್ಗಿ, ನಮ್ ಸೋಮೇಶುನ್ ಲಿಂಗ ಬರ್ನಿಲ್ಲ ಕಣಪ್ಪ, ಅಯ್ನೋರು ಹೊಸದು ತಂದಿದ್ರು, ಪೆಟ್ಟಿಗೆ ಬಿಚ್ಚಂಗಿರ್ನಿಲ್ಲ, ಹಂಗೇ ಮಣ್ಗಿಟ್ಟೊ, ಅದ್ನ ನೀನೇನಾರ ಕಂಡಿದ್ಯಾ, ನಿಂಗರಾಜುವಿನ ಕೈ ಆಗಲೇ ಜೇಬಿನೊಳಗಿದೆ, ಬೆರಳಿಗೆ ಬೆಳ್ಳಿ ತಣ್ಣಗೆ, ಹಾರದ ನೀರೋ ಆ ಬೆಟ್ಟದ ಹಿಮವೋ, ತೆಗೆಯುತ್ತಾನೆ, ಅವರು ನೋಡಿದರು, ಹಿಂದೆ ಸರಿಯಲಿಲ್ಲ, ಬೈಯಲಿಲ್ಲ, ಹಿಡಿದ ಸೆರಗು ಬಿಟ್ಟು ಕೈ ಚಾಚಿದರು, ಎಡಗೈ, ಬಿಚ್ಚಿದ ಎಡಗೈ, ಕೊಡು ಅನ್ನುವ ಹಾಗೆ, ಇನ್ನೊಂದು ಗೇಣು, ಇನ್ನೊಂದೇ ಗೇಣು, ಕಲ್ಲಿನ ಮೇಲೆ ಆ ಎಡಗೈ —